ಅತ್ತೆಯ ಪೇಷಂಟು

ನಮ್ಮ ಸೋದರತ್ತೆ ನಿವೃತ್ತಳಾಗಿ ಎಷ್ಟೋ ವರ್ಷಗಳಾದವು. ಆದರೆ ಆ ಸುದ್ದಿಯನ್ನು ಇದುವರೆಗೂ ಯಾರೂ ಅವಳಿಗೆ ತಿಳಿಸಿದಂತಿಲ್ಲ! ತಿಳಿಸುವ ಧೈರ್ಯವಾದರೂ ಯಾರಿಗಿದೆ ಹೇಳಿ?

ಹೊಸಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು ಅವಳು. ಈಗಲೂ ಬೆಳಕು ಹರಿಯುವ ಮುಂಚೆ ಟ್ರ್ಯಾಕ್ ಪ್ಯಾಂಟು, ಅದರ ಮೇಲೊಂದು ಉದ್ದ ಕುರ್ತಾ, ಕೊರಳಲ್ಲಿ ಸೀಟಿ. (ಮದುವೆ ಎಂಬ ಆಟಕ್ಕೆ ಅವಳು ಹೆಸರೇ ಕೊಟ್ಟವಳಲ್ಲ, ಹಾಗಾಗಿ ಕೊರಳು ಖಾಲಿ ಇತ್ತು.) ಮಾಳಿಗೆಯ ಮೇಲೆ ನಿಂತು ಅವಳು ಒಂದು ಸಲ ಸೀಟಿ ಊದಿದರೆ ಇಡೀ ಓಣಿ ಎದ್ದು ಕೂರಬೇಕು.

ವಿಶ್ರಾಂತಿ ಎನ್ನುವುದು ಅವಳ ಪ್ರಕಾರ ಒಂದು ರೋಗ. ನನಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ನೋಡಲು ಬಂದವಳು ಹಣ್ಣು ತರಲಿಲ್ಲ, "ಹೆಂಗೈತಿ" ಅಂತ ಕೇಳಲಿಲ್ಲ. ಹಾಸಿಗೆಯ ಬುಡದಲ್ಲಿ ನಿಂತು, "ಹೊಟ್ಟಿ ಕೊಯ್ದಾರ, ಕಾಲ್ಬೆರಳು ಕೊಯ್ದಿಲ್ಲಲ್ಲ? ಆಡ್ಸು!" ಅಂದಳು. ನಾನು ಹೆದರಿ ಆಡಿಸಿದೆ. ಪಕ್ಕದ ಹಾಸಿಗೆಯವರೂ ಆಡಿಸಿದರು. ಸ್ವಲ್ಪ ಹೊತ್ತಿಗೆ ನರ್ಸ್ ಬಂದು ನೋಡಿದರೆ ಇಡೀ ವಾರ್ಡಿನ ಕಾಲ್ಬೆರಳುಗಳು ಒಂದೇ ತಾಳದಲ್ಲಿ ಕುಣಿಯುತ್ತಿವೆ!

ಇಂಥವಳ ಮನೆಗೆ, ಅಲುಗಾಡದೆ ಮಲಗಿರುವುದೇ ಔಷಧಿಯಾಗಿದ್ದ ಒಂದು ಪೇಷಂಟು ಬಂದು ಸೇರಿತು.

ಅವತ್ತು ಸಂಡೂರಿನಲ್ಲಿ ಖೋಖೋ ಪಂದ್ಯಕ್ಕೆ ರೆಫರಿಯಾಗಿ ಹೋಗಿದ್ದಳು. ಜೊತೆಗೆ ನಾನು. ಸ್ಕೂಟರಿನಲ್ಲಿ ವಾಪಸು ಬರುವಾಗ ವಡ್ಡು ಎಂಬ ಊರಿನ ಹತ್ತಿರ ಚಹಾಕ್ಕೆ ನಿಂತೆವು. ಅಲ್ಲಿ ಸಾಲಾಗಿ ಅದಿರಿನ ಲಾರಿಗಳು. ಒಂದರ ಕೆಳಗೆ ಒಂದು ಕೆಂಪು ಗಂಟು ಬಿದ್ದಿತ್ತು. ಅತ್ತೆ ಬಗ್ಗಿ ನೋಡಿದಳು. ಗಂಟು ಕಣ್ಣು ಬಿಟ್ಟಿತು.

"ನಾಯಿರೀ ಮೇಡಂ," ಅಂದ ಚಹಾದವನು. "ಯಾರೋ ಕಾರಿನ್ಯಾಗ ಬಂದು ಇಳಿಸಿ ಹೋಗಿಬಿಟ್ರು. ಪಾಪ, ಆ ಕಾರಿನ ಹಿಂದ ಓಡಾಕ ಹೋಗಿ ಯಾವ್ದೋ ಗಾಡಿ ಬಡಕೊಂತು. ನಿನ್ನೀಂದ ಅಲ್ಲೇ ಬಿದ್ದೈತಿ."

ಅತ್ತೆ ಚಹಾ ಅರ್ಧಕ್ಕೇ ಇಟ್ಟಳು. ನನ್ನ ಕಡೆ ಕೈ ಚಾಚಿದಳು. "ನಿನ್ನ ವೇಲ್ ಕೊಡು."

"ಅತ್ತಿ, ಹೊಸಾದು!"

"ನಾಯಿನೂ ನಮಗ ಹೊಸಾದ. ಕೊಡು."

ಹಾಗೆ ನನ್ನ ಹೊಸ ವೇಲಿನಲ್ಲಿ ಸುತ್ತಿಕೊಂಡು ಹೊಸಪೇಟೆಯ ಪಶು ಡಾಕ್ಟರ ಹತ್ತಿರ ತಂದೆವು. ಡಾಕ್ಟರು ಇನ್ನೂ ಹುಡುಗರು, ಮೆತ್ತಗೆ ಮಾತಾಡುವವರು. ಮೊದಲು ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸಿದರು. ಒರೆಸಿದಂತೆಲ್ಲ ನಮ್ಮ ಕೆಂಪು ನಾಯಿ ಕರಗುತ್ತಾ ಹೋಯಿತು! ಬಕೆಟ್ಟಿನಲ್ಲಿ ಒಂದು ಸಣ್ಣ ಗಣಿಯೇ ಇಳಿಯಿತು. ಕೊನೆಗೆ ಮೇಜಿನ ಮೇಲೆ ಉಳಿದದ್ದು ಕೆನೆಬಣ್ಣದ, ಮೊಣಕಾಲವರೆಗೂ ಜೋತುಬಿದ್ದ ಕಿವಿಗಳ, ಕಣ್ಣಲ್ಲಿ ಯಾವಾಗಲೂ ಏನೋ ಕೇಳುವಂತಿದ್ದ ಬೇರೆಯದೇ ಒಂದು ಹೆಣ್ಣುನಾಯಿ.

"ಸ್ಪ್ಯಾನಿಯಲ್ ರೀ ಇದು, ಒಳ್ಳೆ ತಳಿ," ಅಂದರು ಡಾಕ್ಟರು.

"ತಳಿ ತಗೊಂಡು ಏನ್ ಮಾಡ್ಲಿ, ಕಾಲಿನ ಸುದ್ದಿ ಹೇಳ್ರಿ," ಅಂದಳು ಅತ್ತೆ.

ಕಾಲಿನ ಸುದ್ದಿ ಚೆನ್ನಾಗಿರಲಿಲ್ಲ. ಹಿಂದಿನ ಕಾಲಿನ ತೊಡೆಯ ಮೂಳೆ ಮುರಿದಿತ್ತು. ಕಿವಿಗಳೊಳಗೆ ಕೀವು. ಬಳ್ಳಾರಿಗೆ ಒಯ್ದು ಆಪರೇಷನ್ ಮಾಡಿಸಿ, ಮೂಳೆಗೆ ರಾಡು ಹಾಕಿಸಿ ತಂದದ್ದಾಯಿತು. ಆಮೇಲೆ ಡಾಕ್ಟರು ಅತ್ತೆಯನ್ನು ಕೂರಿಸಿ ಹೇಳಿದರು: "ವಾಸಿ ಆಗೋತನಕ ನೀವು ಇಟ್ಕೊಳ್ರಿ ಟೀಚರ್. ಆಮ್ಯಾಲೆ ಒಂದು ಒಳ್ಳೆ ಮನಿ ಹುಡುಕೋಣು. ಅದು ಓಡಬಾರ್ದು, ಹಾರಬಾರ್ದು, ಮೆಟ್ಲ ಹತ್ತಬಾರ್ದು."

"ಹಂಗಾರ ಏನು ಮಾಡ್ಸ್ಲಿ?"

"ಏನೂ ಮಾಡ್ಸಬ್ಯಾಡ್ರಿ. ಸುಮ್ನ ಮಲಗ್ಲಿ."

ಅತ್ತೆಯ ಮುಖವನ್ನು ನೀವು ನೋಡಬೇಕಿತ್ತು! ಅವಳ ಜೀವನದಲ್ಲಿ ಯಾರೂ ಅವಳಿಗೆ ಇಷ್ಟು ಕೆಟ್ಟ ಮಾತು ಆಡಿರಲಿಲ್ಲ.

"ಇನ್ನೊಂದು ಮಾತು," ಅಂದರು ಡಾಕ್ಟರು. "ಹೆಸರು ಇಡಾಕ ಹೋಗಬ್ಯಾಡ್ರಿ. ಹೆಸರಿಟ್ರ ಬಿಟ್ಟು ಕೊಡಾಕ ಆಗಂಗಿಲ್ಲ."

ಅತ್ತೆ ಶಿಸ್ತಿನವಳಲ್ಲವೇ? ಇಡಲಿಲ್ಲ. ಅದನ್ನು "ಪೇಷಂಟು" ಅಂತ ಕರೆದಳು. "ಪೇಷಂಟು ಉಣ್ತೇನು?" "ಪೇಷಂಟು ಮಕ್ಕೊಂತೇನು?" ಹತ್ತಾರು ಸಲ ಹೀಗೆ ಕರೆದ ಮೇಲೆ ಆ ನಾಯಿ, ತನ್ನ ತಾಯಿ ತಂದೆ ಯೋಚಿಸಿ ಇಟ್ಟ ಹೆಸರೇ ಅದು ಎನ್ನುವಂತೆ ಬಾಲ ಅಲ್ಲಾಡಿಸಲು ಶುರುಮಾಡಿತು!

ಅತ್ತೆಯದು ಮೇಲಂತಸ್ತಿನ ಮನೆ, ಕಡಿದಾದ ಮೆಟ್ಟಿಲು. ಆ ದಿನಗಳಲ್ಲಿ ನಾನೂ ಅಲ್ಲೇ ಉಳಿದಿದ್ದೆ. ಒಂದಕ್ಕೆ ಎರಡಕ್ಕೆ ಪೇಷಂಟನ್ನು ಮಗುವಿನಂತೆ ಎತ್ತಿಕೊಂಡು ಇಳಿಯುವುದು, ಮತ್ತೆ ಹತ್ತುವುದು. ಒಳಗೆ ನಾಲ್ಕು ಕುರ್ಚಿಗಳಿಗೆ ಹಳೆಯ ವಾಲಿಬಾಲ್ ನೆಟ್ ಕಟ್ಟಿ ಅದಕ್ಕೊಂದು ಕೋಣೆ ಮಾಡಿದಳು. ಗಂಜಿ ಕುಡಿಯುವಾಗ ಕಿವಿಗಳು ಬಟ್ಟಲೊಳಗೆ ಬೀಳುತ್ತವೆಂದು ಎರಡನ್ನೂ ಮೇಲಕ್ಕೆತ್ತಿ ಕೆಂಪು ರಿಬ್ಬನ್ ಕಟ್ಟಿದಳು. ಥೇಟ್ ಐದನೇ ಕ್ಲಾಸಿನ ಹುಡುಗಿ! ಹೋಂವರ್ಕ್ ಮಾಡಿರದ ಮುಖವೂ ಹಾಗೇ ಇತ್ತು.

ಸೀಟಿಯ ಸದ್ದಿಗೆ ಪೇಷಂಟು ಬೆಚ್ಚಿ ಏಳಲು ನೋಡುತ್ತಿತ್ತು. ಅತ್ತೆ ಸೀಟಿ ತೆಗೆದು ಮೊಳೆಗೆ ನೇತು ಹಾಕಿದಳು. ಅದರ ಪರಿಣಾಮ ಮರುದಿನವೇ ಗೊತ್ತಾಯಿತು. ಓಣಿಗೆ ಓಣಿಯೇ ಮಲಗಿಬಿಟ್ಟಿತ್ತು! ಸ್ಕೂಲ್ ಬಸ್ಸು ಹಾರ್ನ್ ಹೊಡೆದು ಹೊಡೆದು ಖಾಲಿ ಹೋಯಿತು. ಎದುರುಮನೆಯಾಕೆ ಗಾಬರಿಯಿಂದ ಮೆಟ್ಟಿಲು ಹತ್ತಿ ಬಂದು, "ಟೀಚರ್‌ಗೆ ಏನಾರ ಆಗೈತೇನ್ರಿ? ಸೀಟಿ ಕೇಳ್ಲೇ ಇಲ್ಲ!" ಅಂತ ನನ್ನನ್ನು ಕೇಳಿದಳು. ಒಳಗೆ ನೋಡಿದರೆ ಟೀಚರ್ ನೆಟ್ಟಿನ ಪಕ್ಕ ಚಾಪೆ ಹಾಸಿಕೊಂಡು ಸುಮ್ಮನೆ ಕುಳಿತಿದ್ದಳು. ಅತ್ತೆ ಸುಮ್ಮನೆ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು.

ಎಲ್ಲ ಸರಿಹೋಗುತ್ತಿದೆ ಅನ್ನುವಾಗ ಗಾಯ ಕೆಂಪಾಯಿತು. ಜ್ವರ ಏರಿತು. ಪೇಷಂಟು ಊಟ ಬಿಟ್ಟಿತು. ಡಾಕ್ಟರು ಗಾಯ ಬಿಚ್ಚಿ ನೋಡಿ, ಔಷಧಿ ಬದಲಿಸಿ, ಮೊದಲಿಗಿಂತಲೂ ಮೆತ್ತಗೆ ಹೇಳಿದರು: "ನೋಡೋಣ್ರಿ. ಇದಕ್ಕೂ ಬಗ್ಗಲಿಲ್ಲ ಅಂದ್ರ ಕಾಲು ತೆಗೀಬೇಕಾಗ್ತೈತಿ."

ಮನೆಗೆ ಬಂದು ಅತ್ತೆ ಅನ್ನವನ್ನು ಬೆಣ್ಣೆಯಂತೆ ನುರಿದಳು. ಬೆರಳ ತುದಿಯಲ್ಲಿ ತೆಗೆದು ಅದರ ತುಟಿಗೆ ಸವರಿದಳು. ಅದು ಮುಖ ತಿರುಗಿಸಿತು. ಮತ್ತೆ ಸವರಿದಳು. ನಾನು ಆಫೀಸಿಗೆ ಹೋಗಿ ಸಂಜೆ ಬಂದರೆ ಅತ್ತೆ ಅಲ್ಲೇ, ಬೆರಳೂ ಅಲ್ಲೇ. ಇಡೀ ತಾಲೂಕಿನ ಹುಡುಗಿಯರನ್ನು ಗದರಿದ ಬಾಯಿ, "ಒಂದು ಚೂರು ತಿನ್ನವ್ವ, ನನ್ನವ್ವ," ಅನ್ನುತ್ತಿತ್ತು.

ಕೆಲವು ದಿನ ಹೀಗೇ ಹೋಯಿತು. ಒಂದು ಬೆಳಿಗ್ಗೆ ನಾನು ಹೋಟೆಲಿನಿಂದ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದೆ. ಪೊಟ್ಟಣ ಬಿಚ್ಚುವಾಗ ಒಂದಿಷ್ಟು ಮಂಡಕ್ಕಿ ನೆಲಕ್ಕೆ ಚೆಲ್ಲಿತು. ನೆಟ್ಟಿನೊಳಗೆ ಸರಸರ ಸದ್ದಾಯಿತು. ತಿರುಗಿದರೆ ಪೇಷಂಟು ಎದ್ದು ನಿಂತಿದೆ! ಮೂಗು ಮಂಡಕ್ಕಿ ಕಡೆ. ಮುರಿದ ಕಾಲನ್ನು ನೆಲಕ್ಕೆ ಮುಟ್ಟಿಸಿ, ಎತ್ತಿ, ಮತ್ತೆ ಮುಟ್ಟಿಸಿ, ಒಂದು ಹೆಜ್ಜೆ ಇಟ್ಟಿತು.

"ಯಾರೂ ಅಲಗಾಡಬ್ಯಾಡ್ರಿ!" ಅತ್ತೆ ಪಿಸುಗುಟ್ಟಿದಳು. ಮನೆಯಲ್ಲಿ ಇದ್ದದ್ದು ನಾನೊಬ್ಬಳೇ. ಒಗ್ಗರಣೆ ನಾಯಿಗೆ ಖಾರ ಎಂದು ಡಬ್ಬಿಯಿಂದ ಬರಿ ಮಂಡಕ್ಕಿ ತಂದು ಮುಂದೆ ಹಾಕಿದಳು. ಪೇಷಂಟು ಇನ್ನೊಂದು ಹೆಜ್ಜೆ ಇಟ್ಟಿತು.

ಡಾಕ್ಟರು ಪರೀಕ್ಷೆ ಮಾಡಿ ಖುಷಿಯಿಂದ, "ಜ್ವರ ಇಳಿದೈತಿ, ಗಾಯ ಒಣಗಾಕತ್ತೈತಿ, ಕಾಲು ಉಳೀತು! ಏನ್ ಕೊಟ್ರಿ ಟೀಚರ್?" ಅಂದರು.

"ನೀವು ಕೊಟ್ಟಿದ್ದು ಕೊಟ್ಟೆ. ಜತಿಗೆ ಮಂಡಕ್ಕಿ."

ಇನ್ನು ಕಾಲಿಗೆ ಬಲ ಬರಬೇಕು, ನೀರಿನಲ್ಲಿ ನಡೆಸಿದರೆ ಒಳ್ಳೆಯದು ಅಂದರು. ಅತ್ತೆಗೆ ಕಳೆದುಹೋದ ಕೆಲಸ ಮರಳಿ ಸಿಕ್ಕಂತಾಯಿತು! ಹಂಪಿ ದಾರಿಯಲ್ಲಿ ಅವಳ ಗೆಳತಿಯ ಬಾಳೆತೋಟವಿದೆ, ಅಲ್ಲೊಂದು ನೀರಿನ ತೊಟ್ಟಿ. ಅತ್ತೆಗೆ ಈಜು ಬರುವುದಿಲ್ಲ. ಆದರೂ ಟ್ರ್ಯಾಕ್ ಪ್ಯಾಂಟಿನ ಸಮೇತ ಸೊಂಟಮಟ್ಟದ ನೀರಿಗಿಳಿದು, ಒಂದು ಕೈಯಲ್ಲಿ ನಾಯಿಯ ಹೊಟ್ಟೆ, ಇನ್ನೊಂದರಲ್ಲಿ ತೊಟ್ಟಿಯ ಅಂಚು ಹಿಡಿದು, "ಲೆಫ್ಟ್! ರೈಟ್! ಲೇ ಪೇಷಂಟು, ಹಿಂದಿನ ಕಾಲು!" ಅಂತ ಕೂಗುತ್ತಿದ್ದಳು. ಸೈಕಲ್ಲಿನಲ್ಲಿ ಹೊರಟಿದ್ದ ವಿದೇಶಿ ಜೋಡಿಯೊಂದು ನಿಂತು ಕಣ್ಣು ಕಣ್ಣು ಬಿಟ್ಟಿತು. ಅವರು ಅಲ್ಲೇ ನಿಂತಿದ್ದ ಆಟೋದವನನ್ನು ಏನಿದು ಅಂತ ಕೇಳಿದರು. ಅವನು ಒಂದು ಕ್ಷಣವೂ ಯೋಚಿಸದೆ, ಇದು ಈ ಊರಿನ ಭಾಳ ಹಳೆಯ ಹರಕೆ ಅಂದುಬಿಟ್ಟ! ಅವರು ಭಕ್ತಿಯಿಂದ ಕೈಮುಗಿದರು. ಅತ್ತೆ ನೀರಿನಿಂದಲೇ ಗದರಿದಳು: "ಕೈ ಮುಗಿದಿದ್ದು ಸಾಕು, ಆ ಟವೆಲ್ ಕೊಡ್ರಿ!"

ಪೇಷಂಟು ಚೂರು ಕುಂಟುತ್ತಾ, ಆದರೆ ನಾಲ್ಕೂ ಕಾಲಲ್ಲಿ ನಡೆಯತೊಡಗಿತು. ಮನೆ ಹುಡುಕುವ ಹೊತ್ತು ಬಂತು.

"ಅತ್ತಿ, ನೀನ ಇಟ್ಕೊಂಡುಬಿಡು," ಅಂದೆ.

ಅವಳು ಪೇಷಂಟಿನ ಕಿವಿಯ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಹೇಳಿದಳು, "ನನಗ ಬೇಕು. ಇದರ ಕಾಲಿಗೆ ಈ ಮೆಟ್ಲ ಬೇಕೇನು? ನಾ ಪಂದ್ಯ ಅಂತ ಊರೂರು ತಿರುಗ್ತೀನಿ. ಮತ್ತ ಬಾಗ್ಲ ನೋಡ್ಕೊಂತ ಕುಂದ್ರಬೇಕೇನು ಇದು? ಒಮ್ಮಿ ಕುಂತದ್ದು ಸಾಕು."

ಡಾಕ್ಟರು ಕಳಿಸಿದ ಮೊದಲ ಮನುಷ್ಯ ಒಳಗೆ ಬಂದವನೇ, "ಬ್ರೀಡ್ ಪಕ್ಕಾ ಅದೇನ್ರಿ? ಸರ್ಟಿಫಿಕೇಟ್ ಐತೇನು?" ಅಂದ.

"ನಿಮ್ದು ಐತೇನು?" ಅಂದಳು ಅತ್ತೆ. ಅವನು ಚಹಾ ಕುಡಿಯದೆ ಹೋದ.

ಎರಡನೆಯವನಿಗೆ ಗೋದಾಮು ಕಾಯಲು ನಾಯಿ ಬೇಕಿತ್ತು. ಪೇಷಂಟು ಹೋಗಿ ಅವನ ಅಂಗಾಲು ನೆಕ್ಕಿತು. ಅವನಿಗೇ ನಾಚಿಕೆಯಾಗಿ ಎದ್ದ.

ಮೂರನೆಯ ಸಲ ಎಮ್ಮಿಗನೂರಿನಿಂದ ಗಂಡ ಹೆಂಡತಿ ಬಂದರು. ಆತ ಭತ್ತ, ಕಬ್ಬು ಬೆಳೆಯುವವನು, ಆಕೆ ಅಂಗನವಾಡಿ ಟೀಚರ್. ಆಕೆ ನಾಯಿಯನ್ನು ಕರೆಯಲಿಲ್ಲ, ಮುಟ್ಟಲಿಲ್ಲ. ನೆಲದ ಮೇಲೆ ಕುಳಿತು ತನ್ನ ಪಾಡಿಗೆ ನನ್ನೊಡನೆ ಮಾತಾಡುತ್ತಿದ್ದಳು. ಪೇಷಂಟು ದೂರದಿಂದ ನೋಡಿತು, ಹತ್ತಿರ ಬಂತು, ಸುತ್ತು ಹಾಕಿತು, ಕೊನೆಗೆ ಆಕೆಯ ಮಡಿಲಲ್ಲಿ ಗದ್ದ ಇಟ್ಟಿತು. ಆಗ ಆಕೆ ಅದರ ಕಿವಿಯ ಹಿಂದೆ ಮೆಲ್ಲಗೆ ಕೈ ಆಡಿಸಿದಳು.

ಅತ್ತೆ ಇದೆಲ್ಲ ನೋಡಿಯೂ ನೋಡದವಳಂತೆ ಗಂಡನ ವಿಚಾರಣೆಗೆ ಇಳಿದಳು. "ಮನಿಗೆ ಮೆಟ್ಲ ಅದಾವೇನು?"

"ಇಲ್ರಿ. ನೆಲದ ಮನಿ, ಮುಂದ ಅಂಗಳ."

"ಮುಂಜಾನಿ ಯಾವಾಗ ಏಳ್ತೀರಿ?"

"ನಾಕಕ್ಕ ಏಳ್ತೀನ್ರಿ, ಗದ್ದಿಗೆ ನೀರು ಬಿಡಾಕ."

ಅತ್ತೆ ಎದ್ದು ನಿಂತಳು. ತನಗಿಂತ ಮುಂಚೆ ಏಳುವ ಮನುಷ್ಯನನ್ನು ಅವಳು ಕಂಡದ್ದು ಅದೇ ಮೊದಲು! "ಐತಾರ ನಾನ ಕರ್ಕೊಂಡು ಬರ್ತೀನಿ," ಅಂದಳು.

ಭಾನುವಾರ ಸ್ಕೂಟರಿನಲ್ಲಿ ಹೊರಟೆವು. ಮುಂದೆ ಕಾಲಿಡುವ ಜಾಗದಲ್ಲಿ ಹಾಸಿದ ಚೀಲದ ಮೇಲೆ ಪೇಷಂಟು, ಅದರ ಎರಡೂ ಬದಿಗೆ ಅತ್ತೆಯ ಮೊಣಕಾಲು, ಹಿಂದೆ ನಾನು. ರಸ್ತೆಯಲ್ಲಿ ಹಂಪು ಬಂದಲ್ಲೆಲ್ಲ ಅತ್ತೆ ಒಂದು ಕೈ ಇಳಿಸಿ ಅದರ ಬೆನ್ನು ಹಿಡಿಯುತ್ತಿದ್ದಳು. ಕಂಪ್ಲಿ ದಾಟಿದ ಮೇಲೆ ಗಾಳಿಗೆ ಅದರ ಕಿವಿಗಳು ಹಾರಿದವು.

ಎಮ್ಮಿಗನೂರಿನಲ್ಲಿ ಅತ್ತೆ ಔಷಧಿ ಹೇಗೆ ಹಾಕಬೇಕು, ಕಾಲು ಹೇಗೆ ನೀವಬೇಕು ಎಲ್ಲ ತೋರಿಸಿದಳು. ಇನ್ನೇನು ಹೇಳುವುದು ಉಳಿದಿದೆ ಅಂತ ಹುಡುಕುತ್ತಿದ್ದಳು. ಅಷ್ಟರಲ್ಲಿ ಮನೆಯ ಹಿಂದಿನ ಗದ್ದೆಯಲ್ಲಿ ಬೆಳ್ಳಕ್ಕಿಗಳು ಇಳಿದವು. ಪೇಷಂಟು ತಲೆಯೆತ್ತಿತು, ಮೈ ಬಿಗಿಯಿತು, ಬದುವಿನ ಮೇಲೆ ಓಡಿತು! ಕುಂಟು ಕಾಲನ್ನೂ ಸೇರಿಸಿಕೊಂಡು, ಕಿವಿ ಬಡಿಯುತ್ತಾ, ಹಕ್ಕಿಗಳನ್ನೆಲ್ಲ ಎಬ್ಬಿಸುತ್ತಾ. ಆ ಮನೆಯಾಕೆ ನಗುತ್ತಾ ಹಿಂದೆ ಓಡಿದಳು. ಅದು ತಿರುಗಿ ನೋಡಲಿಲ್ಲ. "ಈಗ ಹೋಗಿಬಿಡೋಣು," ಅಂದಳು ಅತ್ತೆ. "ಖುಷ್ಯಾಗ ಐತಿ."

ವಾಪಸು ಹೊರಟೆವು. ಎರಡೂ ಬದಿಗೆ ಕಬ್ಬು. ಮುಂದೆ ಚೀಲ ಖಾಲಿ. ಆದರೂ ಅತ್ತೆ ಮೊಣಕಾಲುಗಳನ್ನು ಹಾಗೆಯೇ ಅಗಲಿಸಿಟ್ಟುಕೊಂಡು ಗಾಡಿ ಓಡಿಸುತ್ತಿದ್ದಳು. ಒಂದು ಹಂಪು ಬಂತು. ಅವಳ ಎಡಗೈ ತನ್ನಷ್ಟಕ್ಕೆ ಕೆಳಗಿಳಿಯಿತು, ಗಾಳಿಯಲ್ಲಿ ಒಂದು ಗಳಿಗೆ ನಿಂತಿತು, ಮತ್ತೆ ಹ್ಯಾಂಡಲಿಗೆ ಬಂತು. ಅತ್ತೆ ಗಾಡಿಯನ್ನು ಬದಿಗೆ ನಿಲ್ಲಿಸಿದಳು.

"ಗಾಡಿ ಭಾಳ ಹಗುರ ಆತಲ್ಲೇ," ಅಂದಳು, ಹಿಂದೆ ತಿರುಗದೆ.

ಹಿಂದಿನ ಸೀಟಿನಲ್ಲಿ ಎರಡು ಅಕ್ಕಿ ಚೀಲದಷ್ಟು ತೂಕದ ನಾನು ಕುಳಿತೇ ಇದ್ದೆ. ಮುಂದಕ್ಕೆ ಸರಿದು ಅವಳ ಸೊಂಟವನ್ನು ಬಳಸಿ ಹಿಡಿದೆ. ಅವಳು ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು. ಇಬ್ಬರೂ ಹಾಗೇ ಸ್ವಲ್ಪ ಹೊತ್ತು, ಕಬ್ಬಿನ ಗಾಳಿಯಲ್ಲಿ, ಸುಮ್ಮನೆ ಕುಳಿತೆವು.