ಜುಂಜಪ್ಪನ ಬಾವಿಯ ಕೊನೇ ಕೊಡ

"ನೋಡ್ತಿರು ಮಂಜಮ್ಮ, ಜಿಲ್ಲೆಗೆ ಜಿಲ್ಲೆಯೇ ಬಂದು ನಮ್ಮಪ್ಪನ ಬಾವಿಗೆ ಕೈ ಮುಗೀತದೆ!" ಎಂದು ರಂಗರಾಜು ಹೆಂಡತಿಯೆದುರು ಘೋಷಿಸಿದ. ಹುಳಿಯಾರು ರಸ್ತೆಯ ಜಲಜ್ಞಾನ ಕೇಂದ್ರದಲ್ಲಿ ಅವನು ಮಾರ್ಗದರ್ಶಿ. ಶಾಲೆ ಮಕ್ಕಳಿಗೆ ಕೆರೆ, ಮಳೆ, ಅಂತರ್ಜಲ ಅಂತ ಗಂಟಲು ಒಣಗಿಸಿಕೊಳ್ಳುವುದೇ ಕೆಲಸ. ಈಗ ಅಲ್ಲಿ ಬತ್ತುತ್ತಿರುವ ಬಾವಿಗಳ ನೀರನ್ನು ಜಾಡಿಯಲ್ಲಿ ಪ್ರದರ್ಶನಕ್ಕಿಟ್ಟು, ತೋಡಿದವರ ಹೆಸರು ಬರೆಯುತ್ತಿದ್ದರು.

ಕಂದಿಕೆರೆಯ ಅವನ ತೋಟದ ಬಾವಿ ಅಪ್ಪ ಜುಂಜಪ್ಪ ಕೈಯಾರೆ ತೋಡಿದ್ದು. ಸುತ್ತಲಿನ ಬೋರುಗಳು ಎಳೆದೂ ಎಳೆದೂ ಅದರ ತಳ ಕಾಣಿಸಿದ್ದವು. ರಂಗರಾಜು ಹಗ್ಗ ಹಿಡಿದು ಇಳಿದ. ಕಲ್ಲುಸಂದಿಯಲ್ಲಿ ಜಿನುಗಿದ್ದನ್ನು ಇಡೀ ದಿನ ತೆಂಗಿನ ಕರಟದಲ್ಲಿ ಗೋರಿ ಒಂದು ಕೊಡ ತುಂಬಿಸಿದ. ಮಾರನೇ ದಿನ ಇಣುಕಿದರೆ ಕೆಸರೂ ಇಲ್ಲ! ಅಪ್ಪ ಎರಡನೇ ಸಲ ಸತ್ತಂತಾಯಿತು ಅವನಿಗೆ. ತಾನೊಂದು ಗುಟುಕೂ ಕುಡಿಯದೆ ಕೊಡದ ಬಾಯಿಗೆ ಬಟ್ಟೆ ಕಟ್ಟಿಟ್ಟ.

ನೀರು ಒಯ್ಯಲು ಕೇಂದ್ರದ ಮುಖ್ಯಸ್ಥೆ ಗಿರಿಜಾಂಬಿಕಾ ಮೇಡಂ ಖುದ್ದಾಗಿ, ಏಳು ಜನರೊಂದಿಗೆ ಜೀಪಿನಲ್ಲಿ ಬಂದರು. ರಂಗರಾಜು ಎಳನೀರು ಕೀಳಲು ತೋಟಕ್ಕೆ ಓಡಿದ. ಗೊನೆ ಹೊತ್ತು ಬರುವಷ್ಟರಲ್ಲಿ ಮೇಡಂ ಲೋಟ ಕೆಳಗಿಡುತ್ತಿದ್ದರು.

"ಎರಡು ಲೋಟ ಕುಡಿದೆ ಕಣ್ರೀ! ಇಂಥ ಸಿಹಿ ನೀರು ಕುಡಿದು ಎಷ್ಟು ವರ್ಷವಾಯ್ತು! ಕಾಫಿಯೂ ಅಮೃತ! ಎಲ್ಲಿ, ನಿಮ್ಮ ಬಾವಿ ನೀರು ತೋರಿಸಿ."

ರಂಗರಾಜು ಅಡುಗೆಮನೆಗೆ ನುಗ್ಗಿದ. ಕೊಡ ಬೋರಲು ಬಿದ್ದಿತ್ತು.

"ಏನೇ ಮಾಡ್ದೆ?"

"ಮನೆಗೆ ಬಂದೋರಿಗೆ ಬೋರಿನ ಸವುಳು ನೀರು ಕೊಡಾಕಾಯ್ತದಾ? ಮಾವ ಇದ್ದಿದ್ರೆ ಸುಮ್ನೆ ಬುಡ್ತಿದ್ರಾ? ನಿಮ್ ಜಾಡಿಗೆ ಅಂತ ಒಂದ್ ಚೊಂಬು ಎತ್ತಿಟ್ಟಿದ್ದೆ ಕಣ್ರೀ."

"ಎಲ್ಲದೆ?"

"ಜೀಪು ಕಾದೋಗ್ಯದೆ ಅಂತ ಡ್ರೈವರ್ ಇಸ್ಕೊಂಡು ಹೋದ. ರೇಡಿಯೇಟರ್‌ಗೆ ಹುಯ್ದ್‌ಬುಟ್ಟ!"

ಅಂಗಳದಲ್ಲಿ ಜಿಲ್ಲೆಯಲ್ಲೇ ಜುಂಜಪ್ಪನ ಬಾವಿ ನೀರು ಕುಡಿದ ಏಕೈಕ ಜೀಪು ಹಾಯಾಗಿ ಆವಿ ಬಿಡುತ್ತಿತ್ತು. ವಿಷಯ ತಿಳಿದು ಮೇಡಂ ತಲೆ ಎತ್ತಲಿಲ್ಲ. ಮಂಜಮ್ಮನನ್ನು ಬೈಯಲು ರಂಗರಾಜುವಿಗೆ ಬಾಯಿ ಬರಲಿಲ್ಲ. ಅಪ್ಪ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದ.

ಕೇಂದ್ರದಲ್ಲೀಗ ಜುಂಜಪ್ಪನ ಹೆಸರಿನ ಜಾಡಿ ಖಾಲಿಯಾಗಿಯೇ ನಿಂತಿದೆ. ಮೊನ್ನೆ ಶಾಲೆ ಹುಡುಗಿಯೊಬ್ಬಳು ಕೇಳಿದಳು, "ಸಾರ್, ಈ ಬಾವಿ ನೀರು ಹೆಂಗಿತ್ತು?"

ಅಂತರ್ಜಲದ ಬಗ್ಗೆ ಒಂದು ಗಂಟೆ ಬಿಡದೆ ಮಾತಾಡಿದ್ದ ರಂಗರಾಜು ಕಚೇರಿಯ ಬಾಗಿಲು ತೋರಿಸಿದ.

"ನಾನು ಕುಡೀಲಿಲ್ಲ ಕಣಮ್ಮ. ಒಳಗೆ ಮೇಡಂ ಅವ್ರೆ, ಕೇಳು."