ಕರೆಂಟು ಹೋದ ಮೇಲಿನ ರಾಕ್

ತನಗೆ ಇಷ್ಟವಾದದ್ದು ಊರಿಗೆಲ್ಲ ಇಷ್ಟವಾಗಲೇಬೇಕೆಂಬ ಹಟ ಇದೆಯಲ್ಲ, ಅದು ಗೊರಕೆಯ ಹಾಗೆ. ಇರುವವನಿಗೆ ಗೊತ್ತಾಗುವುದಿಲ್ಲ, ಮನೆಯವರಿಗೆ ನಿದ್ದೆ ಇರುವುದಿಲ್ಲ. ಕೆಲವರು ತಮ್ಮ ಮನೆಯ ಉಪ್ಪಿನಕಾಯಿಯನ್ನು ಹೀಗೆ ಹಂಚುತ್ತಾರೆ, ಕೆಲವರು ತಮ್ಮ ಗುರುಗಳ ಭಸ್ಮವನ್ನು. ನಾನು ಹಂಚುತ್ತಿದ್ದದ್ದು ರಾಕ್ ಸಂಗೀತವನ್ನು. ಅದೂ ತೊಂಬತ್ತರ ದಶಕದ ಪಿರಿಯಾಪಟ್ಟಣದಲ್ಲಿ, ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿದ್ದುಕೊಂಡು.

ಮೈಸೂರಿನಲ್ಲಿ ಬಿ.ಎಡ್. ಓದುವಾಗ ಗೆಳೆಯನೊಬ್ಬ ನನ್ನನ್ನು ಬೆಂಗಳೂರಿನ ಮೈದಾನವೊಂದಕ್ಕೆ ಎಳೆದುಕೊಂಡು ಹೋದ. ಜಿಟಿಜಿಟಿ ಮಳೆ, ಮೊಣಕಾಲುದ್ದ ಕೆಸರು, ಸ್ಪೀಕರಿನ ಬುಡದಲ್ಲೇ ನಮಗೆ ಜಾಗ. ಗಿಟಾರಿನವನು ತಂತಿ ಮೀಟಿದ್ದೇ ತಡ, ಶಬ್ದ ಕಿವಿಗೆ ಬರಲಿಲ್ಲ, ಸೀದಾ ಎದೆಗೂಡಿಗೇ ನುಗ್ಗಿತು. ಅರ್ಧಂಬರ್ಧ ತಿಳಿಯುವ ಇಂಗ್ಲಿಷ್ ಹಾಡನ್ನು ಗಂಟಲು ಹರಿಯುವ ಹಾಗೆ ಕೂಗಿದೆ. ಪಕ್ಕದಲ್ಲಿದ್ದವನು ಯಾರೋ ಏನೋ, ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಅವನೂ ಕೂಗಿದ. ತರಗತಿಯಲ್ಲಿ ‘ಪ್ರೆಸೆಂಟ್ ಸಾರ್’ ಅನ್ನುವುದಕ್ಕೂ ತಡವರಿಸುತ್ತಿದ್ದ ನಾನು ಅಷ್ಟು ಜೋರಾಗಿ ಬಾಯಿಬಿಟ್ಟದ್ದು ಅದೇ ಮೊದಲು. ಮರುದಿನ ಮಾತೇ ಹೊರಡಲಿಲ್ಲ; ಆದರೂ ಅಷ್ಟು ಸುಖ ನನಗೆ ಯಾವ ದೇವಸ್ಥಾನದಲ್ಲೂ ಸಿಕ್ಕಿರಲಿಲ್ಲ.

ಕೆಲಸ ಸಿಕ್ಕಿ ಪಿರಿಯಾಪಟ್ಟಣಕ್ಕೆ ಬಂದ ಮೇಲೆ ಈ ಸುಖಕ್ಕೆ ಜೊತೆಯೇ ಇಲ್ಲದಂತಾಯಿತು. ಪುಣ್ಯಕ್ಕೆ ಹತ್ತಿರದ ಕೊಪ್ಪದ ಟಿಬೆಟನ್ ಕ್ಯಾಂಪಿನಲ್ಲೇ ಹುಟ್ಟಿ ಬೆಳೆದ ತೆಂಜಿನ್ ಎಂಬ ಹುಡುಗ ಸಿಕ್ಕ. ಸ್ವೆಟರ್ ಮಾರುವುದು ಅವನ ಕಸುಬು, ಗೆಳೆಯರನ್ನು ಕಟ್ಟಿಕೊಂಡು ಡ್ರಮ್ಸ್ ಬಾರಿಸುವುದು ಕಸುಬಿಗಿಂತ ಹೆಚ್ಚು. ಅವನಿಂದ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದು ಸಹೋದ್ಯೋಗಿಗಳಿಗೆಲ್ಲ ಕೊಟ್ಟೆ. ಕನ್ನಡ ಪಂಡಿತರು ತಮ್ಮ ಪ್ರತಿಯನ್ನು ಬಹಳ ಸಂತೋಷದಿಂದ ವಾಪಸು ಕೊಟ್ಟರು. ಮನೆಗೆ ತಂದು ಹಾಕಿದರೆ ಅದರ ತುಂಬ ಅವರ ಮಗಳ ಸರಳೆ ವರಸೆ! “ಖಾಲಿ ಕ್ಯಾಸೆಟ್ ಅಂದುಕೊಂಡೆ ಕಣ್ರೀ, ಬರೀ ಗರಗರ ಅಂತಿತ್ತು” ಎಂದರು.

ಹಂಪಾಪುರದ ಹೆಣ್ಣುಮಗಳು ನನ್ನ ಹೆಂಡತಿ ಜಯಲಕ್ಷ್ಮಿ ಇನ್ನೂ ನೇರ. “ಮಿಕ್ಸಿ ಒಳಕ್ಕೆ ಚಮಚ ಬಿದ್ದಂಗೆ ಕೇಳ್ತದೆ ಕಣ್ರೀ. ಆ ಯಪ್ಪಂಗೆ ಯಾರು ಏನು ಮಾಡುದ್ರು ಅಂತ ಅಂಗೆ ಕಿರಚ್ಕೋತಾನೆ?” ನಾನು ಸೋಲಲಿಲ್ಲ. ಟೇಪ್ ನಿಲ್ಲಿಸಿ, ಸಾಲಿಗೊಂದು ಅರ್ಥ ಹೇಳಿ, ಮತ್ತೆ ಹಾಕುತ್ತಿದ್ದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತ, “ಲೆಕ್ಕದ ಪಾಠಾನೇ ವಾಸಿ ಬುಡಿ” ಎನ್ನುತ್ತಿದ್ದಳು.

ಹೀಗಿರುವಾಗ ನಮ್ಮ ಬೀದಿಯ ಗಣೇಶೋತ್ಸವ ಬಂತು. ಅಧ್ಯಕ್ಷ ಪುಟ್ಟರಾಜು ಬೆಳಿಗ್ಗೆಯೇ ಮನೆಗೆ ಓಡಿಬಂದರು. “ಮೇಷ್ಟ್ರೇ, ಆರ್ಕೆಸ್ಟ್ರಾದವ್ರು ಕೈ ಕೊಟ್ಬುಟ್ರು. ಸಾಯಂಕಾಲಕ್ಕೆ ಜನ ಬತ್ತಾರೆ. ನಿಮಗ್ಯಾರಾದ್ರೂ ಹಾಡೋರು ಗೊತ್ತಾ?” ಒಳಗಿನಿಂದ ಜಯಲಕ್ಷ್ಮಿ ಬೇಡ ಬೇಡವೆಂದು ಕೈಯಾಡಿಸುತ್ತಿದ್ದುದು ನನಗೆ ಚೆನ್ನಾಗಿಯೇ ಕಂಡಿತು. “ಗೊತ್ತು! ನಾನೇ ಜವಾಬ್ದಾರಿ” ಎಂದುಬಿಟ್ಟು ಕೊಪ್ಪದ ಬಸ್ಸು ಹತ್ತಿದೆ.

ಸಂಜೆ ಬೀದಿ ತುಂಬಿತು. ಅಜ್ಜಿಯರು ಚಾಪೆ ಹಾಸಿಕೊಂಡು ಭಕ್ತಿಗೀತೆಗೆ ಕಾದು ಕುಳಿತರು. ಉದ್ದ ಕೂದಲಿನ ತೆಂಜಿನ್ ತಂಡ ವೇದಿಕೆ ಹತ್ತಿತು. ನಾನು ಮೈಕು ಹಿಡಿದು ರಾಕ್ ಸಂಗೀತದ ಹುಟ್ಟು, ಬೆಳವಣಿಗೆ, ಬೆಂಗಳೂರಿನ ಕೆಸರು ಎಲ್ಲವನ್ನೂ ವಿವರಿಸಿದೆ. “ಮೇಷ್ಟ್ರೇ, ಬೆಲ್ ಹೊಡೀತು, ಇಳೀರಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಇಳಿದೆ. ಹಾಡು ಶುರುವಾಯಿತು. ಅಜ್ಜಿಯರು ಕಿವಿಗೆ ಸೆರಗು ಒತ್ತಿಕೊಂಡರು. ಎರಡನೆಯ ಹಾಡಿಗೆ ಚಾಪೆಗಳು ಸುತ್ತಿಕೊಳ್ಳತೊಡಗಿದವು. ಪುಟ್ಟರಾಜು ನನ್ನ ಕಡೆ ನೋಡಿದ ನೋಟಕ್ಕೆ ವರ್ಗಾವಣೆಗೆ ಅರ್ಜಿ ಹಾಕುವುದೇ ಮೇಲು ಅನ್ನಿಸಿತು. ಅದೇ ಹೊತ್ತಿಗೆ ಕರೆಂಟೂ ಹೋಯಿತು. ಗಿಟಾರು, ಮೈಕು, ಸೀರಿಯಲ್ ಸೆಟ್ಟು ಎಲ್ಲ ಒಟ್ಟಿಗೆ ಸತ್ತವು. “ದೇವರು ದೊಡ್ಡವನು” ಎಂದು ಒಬ್ಬ ಅಜ್ಜಿ ಕೈಮುಗಿದರು. ಜನ ಎದ್ದರು.

ಆಗ ಮುಂದಿನ ಸಾಲಿನಿಂದ ಜಯಲಕ್ಷ್ಮಿ ಎದ್ದು ನಿಂತಳು. ಗಣೇಶನ ಮುಂದಿನ ದೀಪದ ಬೆಳಕಿನಲ್ಲಿ ಅವಳ ಮುಖ ಕೆಂಪಾಗಿತ್ತು. “ಎಲ್ಲಿಗೆ ಹೊಂಟ್ರಿ ಎಲ್ಲಾರೂವೆ? ಕೊಪ್ಪದಿಂದ ಬಂದಿರೋ ಮಕ್ಕಳು ಪೆಚ್ಚಾಗಿ ಹೋಗಬೇಕಾ?” ಎಂದು ಜನರನ್ನು ಗದರಿ, ವೇದಿಕೆಯತ್ತ ತಿರುಗಿ, “ಏನಪ್ಪಾ ತೆಂಜಿನ್ನು, ನಿನ್ನ ಡ್ರಮ್ಮುಗೂ ಕರೆಂಟು ಬೇಕಾ? ಬಾರ್ಸು!” ಎಂದಳು.

ತೆಂಜಿನ್ ಕೋಲುಗಳನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ ಬಾರಿಸಿದ. ಮೊದಮೊದಲು ಅವನ ರಾಕ್ ಗತ್ತೇ ಇತ್ತು. ಹುಟ್ಟಿದಾಗಿನಿಂದ ಈ ಸೀಮೆಯ ತಮಟೆ ಕೇಳಿ ಬೆಳೆದವನಲ್ಲವೇ, ಕೈ ತಾನಾಗಿ ಆ ಕಡೆ ಜಾರಿತು. ಮುಂದೆ ನಿಂತಿದ್ದವರ ಕಾಲು ಅಲುಗಿತು. ಹಾಡುವವನು ವೇದಿಕೆಯಿಂದ ಇಳಿದು ಜನರ ನಡುವೆ ಬಂದು, ಮೈಕಿಲ್ಲದೆ, ನನ್ನ ಮೆಚ್ಚಿನ ಹಾಡನ್ನು ಎತ್ತಿಕೊಂಡ. ಅದರ ಪಲ್ಲವಿಯೆಂದರೆ ಬರೀ “ಓ ಓ ಓ”. ಅದಕ್ಕೆ ಅರ್ಥ ಹೇಳುವ ಮೇಷ್ಟ್ರು ಬೇಕಾಗಲಿಲ್ಲ. ಬೀದಿಗೆ ಬೀದಿಯೇ “ಓ” ಎಂದಿತು. ಕನ್ನಡ ಪಂಡಿತರು ಪಂಚೆ ಮೇಲಕ್ಕೆ ಕಟ್ಟಿ ಕುಣಿದರು. ನಾನು ಜಯಲಕ್ಷ್ಮಿಯ ಪಕ್ಕ ನಿಂತು ಗಂಟಲು ಹರಿಯುವಂತೆ ಕೂಗಿದೆ. ಅವಳೂ ಕೂಗುತ್ತಿದ್ದಳು. ನನಗೆ ಕಣ್ಣು ಒದ್ದೆಯಾಯಿತು. ಕತ್ತಲಾಗಿದ್ದದ್ದು ಒಳ್ಳೆಯದೇ ಆಯಿತು.

ಅಷ್ಟರಲ್ಲಿ ಕರೆಂಟು ಬಂತು. ಗಿಟಾರು ಕಿರ್ರೆಂದಿತು. “ಆಫ್ ಮಾಡ್ರಲಾ ಅದನ್ನ!” ಎಂದು ಜನರೆಲ್ಲ ಒಂದೇ ಸ್ವರದಲ್ಲಿ ಅರಚಿದರು.

ಮನೆಗೆ ಬರುವ ದಾರಿಯಲ್ಲಿ, “ಹಾಗಾದರೆ ರಾಕ್ ಇಷ್ಟವಾಯ್ತು ಅನ್ನು” ಎಂದೆ. “ಅದೆಲ್ಲ ನಂಗೊತ್ತಿಲ್ಲ. ನಾಲ್ಕು ಜನದ ಮುಂದೆ ನಿಮ್ಮ ಮುಖ ಅಂಗಾಗಿದ್ದು ನೋಡಕ್ಕಾಗ್ನಿಲ್ಲ, ಅಷ್ಟೇಯ” ಎಂದಳು.

ಮುಂದಿನ ವರ್ಷ ಪುಟ್ಟರಾಜು ಆರ್ಕೆಸ್ಟ್ರಾದವರ ಸುದ್ದಿಯನ್ನೇ ಎತ್ತಲಿಲ್ಲ. “ಮೇಷ್ಟ್ರೇ, ಕೊಪ್ಪದ ಹುಡುಗ್ರನ್ನೇ ಕರೆಸ್ಬುಡಿ. ಆ ಗಿಟಾರೊಂದು ಬೇಡ” ಎಂದರು. ಗಿಟಾರಿಲ್ಲದ ರಾಕ್ ಉಂಟೇ, ಅದು ಆ ಸಂಗೀತಕ್ಕೇ ಅವಮಾನವಲ್ಲವೇ ಎಂದು ನಾನು ಉದ್ದುದ್ದ ವಾದಿಸಿದೆ. ಗಿಟಾರು ಬಂದೇ ಬರುತ್ತದೆಂದು ಖಡಾಖಂಡಿತವಾಗಿ ಹೇಳಿದೆ. ಹಟಕ್ಕೆ ಬಿದ್ದು ಅದನ್ನು ತರಿಸಿದ್ದೂ ಆಯಿತು. ಆಮೇಲೆ, ಯಾರಿಗೂ ಕಾಣದ ಹಾಗೆ ಹಿಂದಿನ ಓಣಿಯಿಂದ ಹೋಗಿ, ಎರಡನೆಯ ಹಾಡಿನ ಹೊತ್ತಿಗೆ ಸರಿಯಾಗಿ ಫ್ಯೂಸ್ ಕಿತ್ತುಬಿಡಪ್ಪಾ ಎಂದು ಲೈನ್‌ಮನ್ನಿಗೆ ಕೈಮುಗಿದು ಬಂದವನೂ ನಾನೇ.