ಸಾವ್ಕಾರರಿಗೆ ಹುಷಾರಿಲ್ಲ

ಉಪದೇಶ ಮಾಡುವುದನ್ನೇ ಉದ್ಯೋಗ ಮಾಡಿಕೊಂಡವರ ಮಾತನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂಬುದು ಎಲ್ಲ ಕಡೆಯ ದೂರು. ನನ್ನದು ಅದಕ್ಕಿಂತ ನಾಚಿಕೆಯ ಸಂಗತಿ: ನನ್ನ ಮಾತನ್ನು ನಾನೇ ಕೇಳಿಸಿಕೊಂಡಿರಲಿಲ್ಲ. ನಾನಿರುವುದು ಕೃಷಿ ಇಲಾಖೆಯಲ್ಲಿ. ಮನೆ ರಾಯಚೂರು, ಕೆಲಸ ಮಾನ್ವಿ. ಕಾಲುವೆ ನೀರು ನಿಂತು ನಿಂತು ಉಪ್ಪೇರಿದ ಹೊಲಗಳಿಗೆ ನಮ್ಮ ಕಡೆ ಸವುಳು ಭೂಮಿ ಎನ್ನುತ್ತಾರೆ. ಆ ಸವುಳಿನ ಬಗ್ಗೆ ಹಳ್ಳಿಹಳ್ಳಿಗೆ ಹೋಗಿ ಭಾಷಣ ಮಾಡುವುದು ನನ್ನ ಪಾಲಿನ ಕೆಲಸ. ಬೆಳಿಗ್ಗೆ ಒಂದು ತಟ್ಟೆಯಲ್ಲಿ ಉಪ್ಪುನೀರು ಹಾಕಿ ಬಿಸಿಲಿಗಿಡುತ್ತೇನೆ. ಸಂಜೆ ಹೊತ್ತಿಗೆ ನೀರು ಆರಿ ತಳದಲ್ಲಿ ಉಳಿದ ಬಿಳಿ ಪದರವನ್ನು ಎತ್ತಿ ತೋರಿಸುತ್ತೇನೆ. ಹದಿನೈದು ವರ್ಷದಿಂದ ಅದೇ ಭಾಷಣ, ಅದೇ ತಟ್ಟೆ. ಜನರೂ ಅಷ್ಟೇ ನಿಷ್ಠೆಯಿಂದ ತೂಕಡಿಸುತ್ತ ಬಂದಿದ್ದಾರೆ.

ಇಂಥ ನನಗೆ ಐವತ್ತರ ಹೊಸ್ತಿಲಲ್ಲಿ ಸಮುದ್ರದ ಹುಚ್ಚು ಹಿಡಿಯಿತು. ಹೈದರಾಬಾದಿನ ಅಂಗಡಿಯೊಂದರಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ನೋಡಿದೆ. ಅದರೊಳಗೆ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಒಂದು ಮೀನು. ಮನಸ್ಸು ಅಲ್ಲೇ ಕುಳಿತುಬಿಟ್ಟಿತು. ನನ್ನ ಹೆಂಡತಿ ಮಹಾದೇವಿ ಫೋನಿನಲ್ಲೇ ಕೇಳಿದಳು, "ಕುಡಿಯೋ ನೀರಿಗೇ ದಾರಿ ಕಾಯೋ ಊರಾಗ ಸಮುದ್ರ ತಂದು ಎಲ್ಲಿ ಇಡ್ತೀರಿ?" ನಾನು ತಂದು ಹಾಲಿನಲ್ಲಿಟ್ಟೆ. ಪ್ಲಾಸ್ಟಿಕ್ ಚೀಲದಲ್ಲಿ ಮೀನು ಹಿಡಿದು ಬರುತ್ತಿದ್ದ ನನ್ನನ್ನು ಎದುರುಮನೆಯ ಅಜ್ಜಿ ಕಂಡದ್ದೇ ತಡ, ನಿತ್ಯ ಲಿಂಗಪೂಜೆ ನಡೆಯುವ ಮನೆಯಲ್ಲಿ ಇದೇನು ಶುರುವಾಯಿತು ಎಂದು ಒಂದು ವಾರ ನಮ್ಮಲ್ಲಿಗೆ ಮಜ್ಜಿಗೆ ಕೇಳಲೂ ಬರಲಿಲ್ಲ. ಬಂದ ನೆಂಟರೆಲ್ಲ ತೊಟ್ಟಿಗೆ ಬೆರಳದ್ದಿ ನೆಕ್ಕಿ, ನಿಜವಾಗಿಯೂ ಉಪ್ಪೇ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಮುಖ ಕಿವುಚಿ ನೀರು ಕೇಳುತ್ತಿದ್ದರು. ಆ ಮೀನೋ, ಒಣಹಾಕಿದ ಭತ್ತ ನೋಡುತ್ತ ಅಂಗಳದಲ್ಲಿ ಅಡ್ಡಾಡುವ ರೈಸ್‌ಮಿಲ್ ಮಾಲೀಕರ ಹಾಗೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಓಡಾಡುತ್ತಿತ್ತು. ಬೇಡವೆಂದಿದ್ದ ಮಹಾದೇವಿಯೇ ಅದಕ್ಕೆ ಸಾವ್ಕಾರ್ರು ಎಂದು ಹೆಸರಿಟ್ಟಳು. ತಿಂಗಳಾಗುವಷ್ಟರಲ್ಲಿ ಸಾವ್ಕಾರ್ರ ಊಟ ಮುಗಿದ ಮೇಲೆ ನನ್ನ ಚಹಾ ಎಂದಾಯಿತು.

ಏಪ್ರಿಲ್ ಬಂತು. ರಾಯಚೂರಿನ ಬಿಸಿಲನ್ನು ನಾನು ವರ್ಣಿಸಬೇಕಾಗಿಲ್ಲ. ತೊಟ್ಟಿಯ ನೀರು ದಿನಕ್ಕೆ ಅರ್ಧ ಬೆರಳು ಇಳಿಯತೊಡಗಿತು. ಸಮುದ್ರ ಸಮುದ್ರದ ಹಾಗೇ ಇರಬೇಕಲ್ಲವೇ? ದಿನಾ ಬೆಳಿಗ್ಗೆ ಸ್ನಾನ ಮಾಡಿ, ಪೊಟ್ಟಣದ ಉಪ್ಪು ಕಲಸಿದ ನೀರನ್ನು ಭಕ್ತಿಯಿಂದ ತುಂಬಿಸುತ್ತಿದ್ದೆ. ಮೂರನೇ ವಾರಕ್ಕೆ ಸಾವ್ಕಾರ್ರು ಕಲ್ಲಿನ ಹಿಂದೆ ಸೇರಿದರು. ರೆಕ್ಕೆ ಮಡಚಿ, ಕಿವಿರು ಬಡಿಯುತ್ತ ಏದುಸಿರು ಬಿಡುತ್ತಿದ್ದರು. ಊಟ ಬಿಟ್ಟರು. ಮಹಾದೇವಿ ಮಾತು ಬಿಟ್ಟಳು.

ನಾನು ಮನೆಯಲ್ಲಿ ಅನಾರೋಗ್ಯ ಎಂದು ರಜೆ ಬರೆದೆ. ಯಾರಿಗೆ ಎಂದು ಫೋನ್ ಮಾಡಿದ ಸಹೋದ್ಯೋಗಿಗೆ ನಿಜ ಹೇಳಲು ನಾಚಿಕೆಯಾಗಿ, ಹಿರಿಯರೊಬ್ಬರಿಗೆ ಅಂದೆ. ಎಳನೀರು ಕುಡಿಸಿ ಎಂದ. ಯಾರ್‍ಯಾರನ್ನೋ ಕೇಳಿ ಮೂರು ಥರದ ಔಷಧಿ ತರಿಸಿದೆ. ಮೂರನ್ನೂ ಕೂಡಿಸಿ ಹಾಕಿದರೆ ಒಂದಾದರೂ ನಾಟೀತು ಎಂಬ ಲೆಕ್ಕ. ಹೀಗೆ ಸಿಕ್ಕದ್ದನ್ನೆಲ್ಲ ಒಂದೇ ಪಂಪಿಗೆ ಸುರಿದು ಮೆಣಸಿನಗಿಡಕ್ಕೆ ಹೊಡೆಯುವ ರೈತರನ್ನು ನಾನು ಎಷ್ಟು ಸಲ ಬೈದಿದ್ದೇನೋ. ಆದರೆ ಅವತ್ತು ನನಗೆ ಭಯವಾಗಿತ್ತು. ಅಂಗೈ ಉದ್ದವಿಲ್ಲದ ಜೀವ, ನನ್ನ ಶೋಕಿಗೆ ಕಡಲು ಬಿಟ್ಟು ಬಂದು ನನ್ನ ಕಣ್ಣೆದುರೇ ಸಾಯುತ್ತಿತ್ತು.

ಬಾಟಲಿಯ ಮುಚ್ಚಳ ತೆಗೆಯುವಾಗ ಬಾಗಿಲಲ್ಲಿ ಮಾನ್ವಿ ಕಡೆಯ ಕುರ್ಡಿ ಊರಿನ ರೈತ ಹನುಮಂತಪ್ಪ. ಅವರ ಹೊಲ ಸವುಳಾಗಿತ್ತು. ಬಂದು ನೋಡುತ್ತೇನೆಂದು ಎರಡು ತಿಂಗಳಿಂದ ಹೇಳುತ್ತಲೇ ಇದ್ದೆ. ನಾನು ರಜೆಯೆಂದು ತಿಳಿದು ವಿಳಾಸ ಹುಡುಕಿ ಬಂದಿದ್ದರು. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

"ಔಷಧಿ ಆಮ್ಯಾಲ ಹಾಕೋಣ್ರಿ. ದಿನಾ ಏನೇನು ಮಾಡ್ತೀರಿ, ಅದನ್ನ ಹೇಳ್ರಿ ಮೊದಲ" ಎಂದರು.

ಇದು ನಾನು ರೈತರಿಗೆ ಹಾಕುವ ಪ್ರಶ್ನೆ. ಹೇಳಿದೆ. ನೀರು ಇಳಿಯುವುದು, ನಾನು ಉಪ್ಪುನೀರು ತುಂಬಿಸುವುದು, ಎಲ್ಲ. ಹನುಮಂತಪ್ಪ ನನ್ನ ಮುಖ ನೋಡಿದರು. ಅವರ ದನಿಯಲ್ಲಿ ಗೇಲಿ ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

"ಸಾಹೇಬ್ರ, ಆರೋದು ನೀರು. ಉಪ್ಪು ಎಲ್ಲಿಗೂ ಹೋಗಂಗಿಲ್ಲ. ನಮ್ಮೂರಾಗ ತಟ್ಟಿ ಹಿಡದು ನೀವೇ ಮೂರು ಸಲ ಹೇಳೀರಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಹಾದೇವಿ ಶೋಕೇಸಿನಿಂದ ಉಪ್ಪಳೆಯುವ ಮಾಪಕ ತಂದು ಕೊಟ್ಟಳು. ತೊಟ್ಟಿಯ ಜೊತೆ ಬಂದ ಅದನ್ನು ನಾನು ಚೆಂದವಿದೆಯೆಂದು ಅಲ್ಲಿಟ್ಟಿದ್ದೆ. ಅದ್ದಿದರೆ ಮುಳ್ಳು ಕೆಂಪು ಗೆರೆ ದಾಟಿ ನಿಂತಿತು. ಗಾಬರಿಯಲ್ಲಿ ಒಂದು ಬಕೆಟ್ ಸಿಹಿನೀರು ಎತ್ತಿದೆ. ಹನುಮಂತಪ್ಪ ನನ್ನ ಕೈ ಹಿಡಿದರು. ಸವುಳು ಒಂದು ದಿನಕ್ಕೆ ಏರಿದ್ದಲ್ಲ, ಒಂದು ದಿನಕ್ಕೆ ಇಳಿಸಬಾರದು ಎಂದರು. ಅದೂ ನನ್ನ ಭಾಷಣದ್ದೇ ಮಾತು. ಚೊಂಬು ಉಪ್ಪುನೀರು ತೆಗೆದು ಚೊಂಬು ಸಿಹಿನೀರು, ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ಬೆಳಿಗ್ಗೆ ಸಾವ್ಕಾರ್ರು ಹೊರಬಂದು ಒಂದು ಸುತ್ತು ಹಾಕಿ ಊಟ ಮಾಡಿದರು. ಮಹಾದೇವಿ ನಕ್ಕಳು. ನನಗೂ ಚಹಾ ಸಿಕ್ಕಿತು.

ಮರುವಾರ ಕುರ್ಡಿಗೆ ಹೋದೆ. ಮೊದಲು ಹನುಮಂತಪ್ಪನವರ ಹೊಲದಲ್ಲಿ ಕಾಲಿಟ್ಟು, ಆಮೇಲೆ ಸಭೆಯಲ್ಲಿ ತಟ್ಟೆ ಎತ್ತಿದೆ. ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ, ಸಾವ್ಕಾರ್ರು ಹೆಂಗದಾರ್ರಿ ಎಂದು ಕೇಳಿದರು. ಇಡೀ ಸಭೆ ನಕ್ಕಿತು. ಊರಿಗೆಲ್ಲ ಗೊತ್ತಾಗಿತ್ತು. ಬೇರೆ ದಾರಿ ಕಾಣದೆ ನಡೆದದ್ದನ್ನೆಲ್ಲ ಒಪ್ಪಿಕೊಂಡು ಹೇಳಿದೆ. ಹದಿನೈದು ವರ್ಷದಲ್ಲಿ ಮೊದಲ ಸಲ ಒಬ್ಬರೂ ತೂಕಡಿಸಲಿಲ್ಲ.

ಈಗ ದೇವದುರ್ಗದ ಕಡೆಯ ಮಸರಕಲ್‌ನಿಂದ ಕರೆ ಬಂದಿದೆ. ಸವುಳಿನ ಭಾಷಣ ಮಾಡುವ ಸಾಹೇಬರು ಬೇಡವಂತೆ, ಅವರದ್ದು ಕೇಳಿ ಸಾಕಾಗಿದೆಯಂತೆ. ಮೀನು ಉಪ್ಪಿಗೆ ಹಾಕಿದ್ದ ಸಾಹೇಬರು ಯಾರೋ ಇದ್ದಾರಂತಲ್ಲ, ಅವರನ್ನು ಕಳಿಸಬೇಕಂತೆ. ಇಬ್ಬರೂ ನಾನೇ ಎಂದು ಹೇಳಬೇಕೆಂದುಕೊಂಡೆ. ಹೇಳಿದರೆ ಕಾರ್ಯಕ್ರಮ ರದ್ದಾದೀತೆಂದು ಸುಮ್ಮನಾದೆ.